ಕೆಲಸಕ್ಕೆ ಹೊರಟ ತಾಯಿ, ಮನೆಯಲ್ಲುಳಿದ ಮಗು

ಡೊಂಬಿವಲಿಯಲ್ಲಿ ವಾಸವಾಗಿರುವ ನಮ್ಮ ವಾಚಕರೊಬ್ಬರು ಮೊನ್ನೆ ಕಚೇರಿಗೆ ಬಂದಿದ್ದರು. ಗಂಡಹೆಂಡಿರಿಬ್ಬರೂ ಫೋರ್ಟಿನ ಬೇರೆ ಬೇರೆ ಕಚೇರಿಗಳಲ್ಲಿ ಗುಮಾಸ್ತರು. ನಾಲ್ಕು ತಿಂಗಳು ದಾಟಿದ ಕೂಸು. ತಾಯಿಯ ರಜೆ ಮುಗಿಯಲು ಇನ್ನು ಮೂರು ವಾರ. ಬೆಳಿಗ್ಗೆ ಎಂಟರ ಲೋಕಲ್ ಹಿಡಿದರೆ ಮರಳಿ ಮನೆ ಸೇರುವುದು ರಾತ್ರಿ ಏಳೂವರೆಗೆ. ಮಗುವನ್ನು ನೋಡಿಕೊಳ್ಳಲು ಊರಿನಿಂದ ಅಜ್ಜಿ ಬಂದಿದ್ದಾರೆ. “ಡಬ್ಬಿ ಹಾಲು ಹಿಡಿಸುವುದೋ, ಇವಳು ಕೆಲಸ ಬಿಡುವುದೋ, ನೀವೇ ಹೇಳಿ” ಎಂದರು. ಮೂರನೆಯ ದಾರಿಯೊಂದುಂಟು ಎಂದರೆ ಅವರಿಗೆ ನಂಬಿಕೆಯಾಗಲಿಲ್ಲ. ಇಂತಹ ಸಂದಿಗ್ಧದಲ್ಲಿರುವ ಇತರ ಕುಟುಂಬಗಳಿಗೂ ಪ್ರಯೋಜನವಾದೀತೆಂದು ಅದನ್ನಿಲ್ಲಿ ವಿವರಿಸುತ್ತೇವೆ.

ಆರು ತಿಂಗಳು ತುಂಬುವವರೆಗೆ ಶಿಶುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿ ಮೊದಲೆರಡು ಹೆರಿಗೆಗಳಿಗೆ 26 ವಾರಗಳ ರಜೆಯನ್ನು ಗೊತ್ತುಮಾಡಿತು. ಅದರಲ್ಲಿ ಕೆಲವು ವಾರಗಳು ಹೆರಿಗೆಗೆ ಮೊದಲೇ ಕಳೆದುಹೋಗುವುದರಿಂದ, ಆರು ತಿಂಗಳು ತುಂಬುವ ಮುನ್ನವೇ ತಾಯಿ ಲೋಕಲ್ ಹತ್ತಬೇಕಾಗುತ್ತದೆ. ಈ ಅಂತರವನ್ನು ತುಂಬುವ ಉಪಾಯವೇ ಹಾಲನ್ನು ಹಿಂಡಿ ಕಾದಿರಿಸುವುದು.

“ಹಿಂಡಿದ ಹಾಲು ಹಳಸುತ್ತದೆ, ದೃಷ್ಟಿ ತಾಗುತ್ತದೆ” ಎಂದು ಹಿರಿಯರು ಹೇಳುವುದುಂಟು. ಅವರನ್ನು ಹಳಿಯುವುದು ಸಲ್ಲದು. ಅವರ ಕಾಲದಲ್ಲಿ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಆದರೆ ನಮ್ಮ ಮುಂಬಯಿಯಲ್ಲಿಯೇ, ಸಾಯನ್‌ನ ಲೋಕಮಾನ್ಯ ತಿಲಕ ಆಸ್ಪತ್ರೆಯಲ್ಲಿ, 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ತಾಯಂದಿರ ಹಾಲಿನ ಬ್ಯಾಂಕನ್ನು ಸ್ಥಾಪಿಸಿದರು. ಏಷ್ಯದಲ್ಲಿಯೇ ಅದು ಮೊದಲನೆಯದು. ತಾಯಂದಿರು ದಾನವಿತ್ತ ಹಾಲನ್ನು 62.5 ಡಿಗ್ರಿ ಶಾಖದಲ್ಲಿ 30 ನಿಮಿಷ ಇರಿಸಿ, ತಂಪುಗೊಳಿಸಿ, ಅವಧಿಗೆ ಮುನ್ನ ಹುಟ್ಟಿದ ದುರ್ಬಲ ಶಿಶುಗಳಿಗೆ ಅಲ್ಲಿ ಉಣಿಸುತ್ತಾರೆ. ಪರರ ಹಾಲೇ ಅಂಥ ಶಿಶುಗಳ ಜೀವ ಕಾಯುವಾಗ, ಹೆತ್ತ ತಾಯಿಯ ಹಾಲು ಆಕೆಯ ಮಗುವಿಗೆ ಒಗ್ಗದೆಂದು ಶಂಕಿಸಲು ಕಾರಣವಿಲ್ಲ. ಸ್ವಂತ ಮಗುವಿಗಾದರೆ ಹಾಗೆ ಕಾಯಿಸುವ ಅಗತ್ಯವೂ ಇಲ್ಲ.

ನಾವು ವೈದ್ಯರಲ್ಲ, ಬಹುಕಾಲ ಹಾಲಿನ ಪಾತ್ರೆಯ ಮುಂದೆ ನಿಂತವರು. ಹೋಟೆಲಿನಲ್ಲಿ ಕಲಿತ ಶಿಸ್ತೇ ಇಲ್ಲಿಯೂ ಬೇಕು. ಮೊದಲು ಕೈಯನ್ನು ಸಾಬೂನಿನಿಂದ ತೊಳೆಯತಕ್ಕದ್ದು. ಕೈಯಿಂದಾಗಲಿ ಪಂಪಿನಿಂದಾಗಲಿ ಹಿಂಡಿದ ಹಾಲನ್ನು ಮುಚ್ಚಳವುಳ್ಳ ಶುದ್ಧ ಪಾತ್ರೆಯಲ್ಲಿ, ಒಂದು ಹೊತ್ತಿಗೆ ಸಾಲುವಷ್ಟು, ಅಂದರೆ 60ರಿಂದ 120 ಮಿಲಿಲೀಟರ್ ತುಂಬಿ, ತಾರೀಖು ಮತ್ತು ವೇಳೆ ಬರೆಯಬೇಕು. ಮೊದಲು ಬಂದದ್ದು ಮೊದಲು ಖರ್ಚಾಗಬೇಕು. 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ತಾಸು ಇಡಬಹುದು. ಮುಂಬಯಿಯ ಮೇ ತಿಂಗಳಲ್ಲಿ ಆ ಲೆಕ್ಕವನ್ನು ನಂಬಬಾರದು, ಕೂಡಲೇ ಫ್ರಿಜ್ಜಿಗೆ ಸೇರಿಸಬೇಕು. ಫ್ರಿಜ್ಜಿನ ಬಾಗಿಲಲ್ಲಲ್ಲ, ಒಳಭಾಗದಲ್ಲಿ ಇಟ್ಟರೆ ನಾಲ್ಕು ದಿನ. ಬೇರೆ ಬಾಗಿಲುಳ್ಳ ಫ್ರೀಜರಿನಲ್ಲಿ ಆರು ತಿಂಗಳು. ಕಚೇರಿಯಲ್ಲಿ ಹಿಂಡಿದ್ದನ್ನು ಮಂಜುಗಡ್ಡೆಯ ಪೊಟ್ಟಣವಿರಿಸಿದ ಚೀಲದಲ್ಲಿ ಲೋಕಲ್‌ನಲ್ಲಿಯೂ ಸುರಕ್ಷಿತವಾಗಿ ತರಬಹುದು.

ಹೋಟೆಲಿನ ರೂಢಿಗಿಂತ ಒಂದೇ ಭೇದ: ಈ ಹಾಲನ್ನು ಕುದಿಸಲಾಗದು. ಪಾತ್ರೆಯನ್ನು ಬೆಚ್ಚನೆಯ ನೀರಿನಲ್ಲಿ ಇಟ್ಟರೆ ಸಾಕು. ಮೇಲೆ ಕೆನೆ ಕಟ್ಟಿದ್ದರೆ ಕೆಟ್ಟಿತೆಂದು ಚೆಲ್ಲಬೇಡಿ. ಮೆಲ್ಲನೆ ಅಲುಗಿಸಿದರೆ ಬೆರೆಯುತ್ತದೆ. ಮಗು ಕುಡಿದು ಬಿಟ್ಟದ್ದನ್ನು ಎರಡು ತಾಸಿನೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಅಶಕ್ತ ಶಿಶುವಾದರೆ ವೈದ್ಯರ ಮಾತೇ ಪ್ರಮಾಣ.

ಇನ್ನು ಕುಡಿಸುವ ಬಗೆ. ಎದೆಹಾಲಿಗೆ ಒಗ್ಗಿದ ಕೂಸು ಬಾಟಲಿಯನ್ನು ಮೊದಲ ದಿನವೇ ಒಪ್ಪುವುದು ಅಪರೂಪ. ರಜೆ ಮುಗಿಯುವ ಎರಡು ಮೂರು ವಾರ ಮುಂಚೆಯೇ ದಿನಕ್ಕೊಂದು ಸಲ ಅಭ್ಯಾಸ ಮಾಡಿಸಬೇಕು. ತಾಯಿ ಎದುರಿಗಿದ್ದರೆ ಮಗು ಎದೆಯನ್ನೇ ಬಯಸುವುದು ಸಹಜ. ಆದುದರಿಂದ ಅಜ್ಜಿಯೋ ತಂದೆಯೋ ಕುಡಿಸಲಿ. ಹಸಿದು ರಂಪ ಹಿಡಿಯುವ ಮುನ್ನವೇ, ತಲೆಯೆತ್ತಿ ಕೂರಿಸಿಕೊಂಡು, ನಡುನಡುವೆ ನಿಲ್ಲಿಸುತ್ತ ಕುಡಿಸಬೇಕು. ಬಲವಂತ ಸಲ್ಲದು. ಬಾಟಲಿಯನ್ನು ಒಪ್ಪದಿದ್ದರೆ ಚಿಂತೆಯಿಲ್ಲ. ನಮ್ಮ ಅಜ್ಜಿಯಂದಿರ ಒಳಲೆ ಇದ್ದೇ ಇದೆ. ರಬ್ಬರಿನ ಮೊಲೆತೊಟ್ಟಿಗಿಂತ ಅದನ್ನು ತೊಳೆಯುವುದೂ ಸುಲಭ. ಯಾವುದನ್ನೇ ಬಳಸಲಿ, ತೊಳೆದು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಬೇಕು. ನೂರಾರು ಗ್ಲಾಸು ತೊಳೆದು ಬದುಕು ಕಟ್ಟಿಕೊಂಡ ನಮ್ಮ ಗಂಡಸರಿಗೆ ಮಗುವಿನ ಒಂದು ಒಳಲೆ ತೊಳೆಯುವುದು ಅವಮಾನವಲ್ಲ.

ಕೊನೆಗೆ ನಮ್ಮ ಸ್ವಂತ ತಪ್ಪೊಂದನ್ನು ಹೇಳಬೇಕು. ನಾವು ಹೋಟೆಲು ನಡೆಸುತ್ತಿದ್ದಾಗ ತರಕಾರಿ ಹೆಚ್ಚುವ ಹೆಂಗಸೊಬ್ಬಳು ಹೆರಿಗೆಯಾದ ಎರಡು ತಿಂಗಳಿಗೇ ಕೆಲಸಕ್ಕೆ ಮರಳಿದಳು. ಮಧ್ಯಾಹ್ನದ ಗಲಾಟೆಯ ವೇಳೆಗೆ ದಾಸ್ತಾನು ಕೋಣೆಗೆ ಹೋಗಿ ಮರೆಯಾಗುತ್ತಿದ್ದಳು. ಎರಡು ಬಾರಿ ಗದರಿದೆವು. ನಮ್ಮ ಮನೆಯವರು ಒಂದು ದಿನ ಅವಳನ್ನು ವಿಚಾರಿಸಿದಾಗ ಸಂಗತಿ ತಿಳಿಯಿತು: ಎದೆ ಕಟ್ಟಿ ನೋವು ತಾಳದೆ ಆಕೆ ಹಾಲನ್ನು ಮೋರಿಗೆ ಹಿಂಡುತ್ತಿದ್ದಳು. ಅವಳ ಕೂಸು ಚಾಳಿನಲ್ಲಿ ಸಕ್ಕರೆ ನೀರು ಕುಡಿಯುತ್ತಿತ್ತು. ಹತ್ತು ಹೆಜ್ಜೆಯಾಚೆ ನಮ್ಮ ದೊಡ್ಡ ಫ್ರಿಜ್ಜಿನಲ್ಲಿ ಗಿರಾಕಿಗಳ ಹಾಲಿತ್ತು. ಒಂದು ಲೋಟಕ್ಕೆ ಅಲ್ಲಿ ಜಾಗವಿರಲಿಲ್ಲವೆಂದಲ್ಲ. ಕೇಳಬಹುದೆಂದು ಆಕೆಗೆ ತೋರಲಿಲ್ಲ, ಕೊಡಬೇಕೆಂದು ನಮಗೆ ತೋರಲಿಲ್ಲ.

ಆದುದರಿಂದ ಹೋಟೆಲು ಮಾಲಿಕರಲ್ಲಿ ನಮ್ಮ ವಿನಂತಿ ಇಷ್ಟೇ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಮೂಲೆ, ಒಂದು ಕುರ್ಚಿ, ಫ್ರಿಜ್ಜಿನಲ್ಲಿ ಗೇಣು ಜಾಗ, ಮೂರು ತಾಸಿಗೊಮ್ಮೆ ಇಪ್ಪತ್ತು ನಿಮಿಷ ಬಿಡುವು. ಮಗುವಿಗೆ ಹದಿನೈದು ತಿಂಗಳು ತುಂಬುವವರೆಗೆ ಹಾಲುಣಿಸಲು ದಿನಕ್ಕೆರಡು ಬಿಡುವುಗಳನ್ನು ಕಾನೂನೇ ವಿಧಿಸಿದೆ. ಕಾನೂನು ಬಂದು ಬಾಗಿಲು ತಟ್ಟುವವರೆಗೆ ನಾವು ಕಾಯಬೇಕೆ?