ಬಣ್ಣದ ಚಕ್ರವೋ, ಬೆಂಕಿ ನರಿಯೋ? ತಾಲ್ಲೂಕು ಕಚೇರಿ ಎದುರಿಗೊಂದು ಪಂಚಾಯ್ತಿ

ತುಮಕೂರು: ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಕಳೆದ ವಾರ ಮಾವ-ಅಳಿಯನಿಗೆ ಮಾತಿಗೆ ಮಾತು ಬೆಳೆದು, ಪಹಣಿ ತೆಗೆಸಲು ಬಂದವರು ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಬೇಕಾಯಿತು. ಜಗಳ ಆಸ್ತಿಯದಲ್ಲ, ಹೆಣ್ಣು ಗಂಡಿನದೂ ಅಲ್ಲ. ಕಂಪ್ಯೂಟರಿನಲ್ಲಿ ಯಾವ ಬ್ರೌಸರ್ ಇರಬೇಕು ಎನ್ನುವುದು!

ನಗುವ ವಿಷಯವಲ್ಲ. ಊರವರ ಆಧಾರ್, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ಎಲ್ಲವೂ ಇಂಥ ಅಂಗಡಿಗಳ ಕಂಪ್ಯೂಟರಿನ ಮೂಲಕವೇ ಹಾದುಹೋಗಬೇಕು.

ಮಾವ ಟೈಪ್‌ರೈಟರ್ ಕಾಲದ ಆಸಾಮಿ. ಅರ್ಜಿ ಟೈಪು ಮಾಡುತ್ತಿದ್ದ ಅದೇ ಮೇಜಿನ ಮೇಲೆ ಇಂದು ಎರಡು ಕಂಪ್ಯೂಟರ್. ಎರಡೂ ವಿಂಡೋಸ್ 7. ಅದಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಬಣ್ಣದ ಚಕ್ರದ ಗುರುತಿನ ಕ್ರೋಮ್ ಕೂಡ 2023ರ ಆರಂಭದಲ್ಲಿ, 109ನೇ ಆವೃತ್ತಿಯೇ ಕೊನೆ ಎಂದು ವಿಂಡೋಸ್ 7ಕ್ಕೆ ಕೈಮುಗಿಯಿತು. ಅಲ್ಲಿಂದೀಚೆಗೆ ಹೊಸ ಆವೃತ್ತಿ ಈ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಪರದೆಯ ಮೇಲೆ ಎಚ್ಚರಿಕೆ ಬಂದರೆ ಮಾವ ನೊಣ ಓಡಿಸಿದ ಹಾಗೆ ಓಡಿಸುತ್ತಾರೆ.

ಕಿಡಿ ಹತ್ತಿದ್ದು ವಿದ್ಯಾರ್ಥಿವೇತನದ ಅರ್ಜಿಗೆ ಬಂದ ಕಾಲೇಜು ಹುಡುಗಿಯಿಂದ. ಇ-ಮೇಲ್ ತೆರೆಯಲು ಅವಳು ಮೊದಲ ಅಕ್ಷರ ಒತ್ತಿದ್ದೇ ತಡ, ಕೆಳಗೆ ಊರವರ ಹೆಸರಿನ ಸಾಲೇ ಬಿಚ್ಚಿಕೊಂಡಿತು. ಒಂದನ್ನು ಮುಟ್ಟಿದರೆ ಪಾಸ್‌ವರ್ಡ್ ತಾನಾಗಿಯೇ ಭರ್ತಿ! ಪಕ್ಕದ ಮನೆ ಮೇಷ್ಟ್ರ ಹೆಸರೂ ಅದರಲ್ಲಿತ್ತು.

“ಅಣ್ಣಾ, ಇದೇನು, ಎಲ್ಲಾರ್ದೂ ಕಾಣ್ತಿದೆ?”

ಅಳಿಯ ಬೆವೆತುಹೋದ. “ಮಾವ, ಇವತ್ತೇ ಫೈರ್‌ಫಾಕ್ಸ್ ಹಾಕ್ತೀನಿ, ನೀವು ಅಡ್ಡ ಬರಬೇಡಿ” ಎಂದ. ಮಾವ ಬಿಡುತ್ತಾರೆಯೇ? “ಹೆಬ್ಬೆಟ್ಟಿನ ಯಂತ್ರ ಅದ್ರಲ್ಲಿ ಓಡುತ್ತೇನೋ? ಪಿಂಚಣಿಗೆ ಬರೋ ಮುದುಕಮ್ಮಗಳಿಗೆ ನೀನು ದುಡ್ಡು ಕೊಡ್ತೀಯಾ?”

ಮಾವನ ಹಟ ಬರೀ ಮೊಂಡುತನವಲ್ಲ. ಹಿಂದೆ ಗುತ್ತಿಗೆದಾರರ ಟೆಂಡರ್ ಕೆಲಸವೆಂದರೆ ನೀಲಿ ‘ಇ’ ಗುರುತಿನ ಎಕ್ಸ್‌ಪ್ಲೋರರ್ ಮತ್ತು ಜಾವಾ ಇರಲೇಬೇಕಿತ್ತು. ಡಿಜಿಟಲ್ ಸಹಿ ಅದರಲ್ಲೇ ಬೀಳುತ್ತಿತ್ತು. 2015ರಲ್ಲಿ ಕ್ರೋಮ್ ಅಂಥ ಜೋಡಣೆಗಳನ್ನೇ ಕಿತ್ತುಹಾಕಿತು. 2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರ್ ಕಥೆಯೂ ಮುಗಿಯಿತು. ಬದಲಾವಣೆ ಎಂದಾಗಲೆಲ್ಲ ಒಂದಲ್ಲ ಒಂದು ಕೆಲಸ ನಿಂತು, ಗಿರಾಕಿ ಬೈದು ಹೋಗಿದ್ದಾನೆ. ಅಳಿಯನ ಬಳಿಯೂ ಉತ್ತರವಿತ್ತು: 2004ರಷ್ಟು ಹಿಂದೆಯೇ, ಎಕ್ಸ್‌ಪ್ಲೋರರಿನ ತೂತು ನೋಡಿದ ಅಮೆರಿಕದ ಸರ್ಕಾರಿ ಕಂಪ್ಯೂಟರ್ ಭದ್ರತಾ ವಿಭಾಗವೇ, ಬೇರೆ ಬ್ರೌಸರ್ ಬಳಸುವುದೂ ಒಂದು ದಾರಿ ಎಂದಿತ್ತಲ್ಲ!

ಇನ್ನು ದಿನನಿತ್ಯದ ಕಿರಿಕಿರಿ. ಒಂದು ತಾಣ ಪಾಪ್-ಅಪ್ ಬಿಡು ಅನ್ನುತ್ತದೆ, ಇನ್ನೊಂದು ಕೆಂಪು ಅಕ್ಷರದಲ್ಲಿ ಸಂಪರ್ಕ ಸುರಕ್ಷಿತವಲ್ಲ ಅನ್ನುತ್ತದೆ. ಓದುತ್ತಾ ಕೂತರೆ ಸಾಲು ಬೆಳೆಯುತ್ತದೆ. ಹಾಗಾಗಿ ಬಂದಿದ್ದಕ್ಕೆಲ್ಲ ‘ಅನುಮತಿ’ ಒತ್ತುವುದು ಬೆರಳಿಗೇ ಅಭ್ಯಾಸ. ಯಾವ ತಾಣಕ್ಕೆ ಅನುಮತಿ ಕೊಟ್ಟರೋ, ಮೂಲೆಯಲ್ಲಿ ಗಂಟೆಗೊಮ್ಮೆ ‘ನಿಮ್ಮ ಕಂಪ್ಯೂಟರಿಗೆ ವೈರಸ್’ ಎಂಬ ಸುಳ್ಳು ಡಂಗುರ. ಗಿರಾಕಿ ಕೇಳಿದರೆ ಮಾವನದು ಒಂದೇ ಉತ್ತರ: “ಸರ್ವರ್ ಬ್ಯುಸಿ.” ಈ ಊರಿನಲ್ಲಿ ಸರ್ವರ್ ಹೊರದಷ್ಟು ಪಾಪವನ್ನು ಇನ್ನಾರೂ ಹೊತ್ತಿಲ್ಲ.

ಕೊನೆಗೆ ಶನಿವಾರ ಎರಡನೇ ಕಂಪ್ಯೂಟರಿನಲ್ಲಿ ನರಿಯ ಪರೀಕ್ಷೆ ನಡೆಯಿತು. ಪಹಣಿ ಬಂತು. ವಿದ್ಯಾರ್ಥಿವೇತನದ ಪುಟ ತೆರೆಯಿತು. ಪ್ರಿಂಟಿನ ಅಂಚು ಕತ್ತರಿಸಿಹೋಗಿ ಅದನ್ನು ಸರಿಮಾಡಲು ಒಂದು ಹೊತ್ತು ಹಿಡಿಯಿತು. ಹೆಬ್ಬೆಟ್ಟಿನ ಯಂತ್ರ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಮಾವ ಮೀಸೆಯಡಿಯಲ್ಲೇ ನಕ್ಕರು.

ಆದರೆ ಅಸಲು ಅನಾಹುತ ತಪ್ಪಿದ್ದು ಕೂದಲೆಳೆಯಲ್ಲಿ. ಹಳೇ ಬ್ರೌಸರಿನ ಪಾಸ್‌ವರ್ಡುಗಳನ್ನೆಲ್ಲ ಇಲ್ಲಿಗೆ ತರಲೇ ಎಂದು ಹೊಸದು ಕೇಳಿತು. ಅಭ್ಯಾಸಬಲ, ಅಳಿಯ ‘ಹೂಂ’ ಒತ್ತುವುದರಲ್ಲಿದ್ದ. ಒತ್ತಿದ್ದರೆ, ಹಳೇ ಮನೆಯ ಜಿರಲೆಗಳನ್ನೂ ಗಂಟು ಕಟ್ಟಿಕೊಂಡು ಹೊಸ ಮನೆಗೆ ಹೋದಂತೆಯೇ! ಊರವರ ಗುಟ್ಟು ಬಯಲಾಗಿದ್ದು ಬ್ರೌಸರ್ ಹಳೆಯದೆಂದಲ್ಲ. ಕೆಲಸ ಬೇಗ ಆಗಲೆಂದು ಬಂದವರದೆಲ್ಲ ಅದರಲ್ಲಿ ಉಳಿಸಿಟ್ಟಿದ್ದರಿಂದ. ಅದನ್ನು ಅಳಿಸಲು ನರಿಯೂ ಬೇಕಿರಲಿಲ್ಲ, ನಯಾಪೈಸೆ ಖರ್ಚೂ ಇರಲಿಲ್ಲ.

ಹಾಗೆಂದು ನರಿ ಬೇಡವೆನ್ನುವಂತಿಲ್ಲ. ಕ್ರೋಮ್ ಕೈಬಿಟ್ಟ ಮೇಲೂ ಫೈರ್‌ಫಾಕ್ಸ್ 115ಕ್ಕೆ ವಿಂಡೋಸ್ 7ರಲ್ಲಿ ಗಡುವು ಮೇಲೆ ಗಡುವು ವಿಸ್ತರಿಸಿ ತೇಪೆ ಕೊಟ್ಟದ್ದುಂಟು. ಆದರೆ ಕೆಳಗಿನ ವಿಂಡೋಸೇ ಹಳತಾದ ಮೇಲೆ ಅದು ಗೆದ್ದಲು ಹಿಡಿದ ಬಾಗಿಲಿಗೆ ಹಾಕಿದ ಹೊಸ ಬೀಗ.

ಅಂತೂ ರಾಜಿಯಾಗಿದೆ. ಹೆಬ್ಬೆಟ್ಟಿಗೆ ಚಕ್ರ, ಉಳಿದಿದ್ದಕ್ಕೆ ನರಿ. ಪಾಸ್‌ವರ್ಡ್ ಉಳಿಸುವಂತಿಲ್ಲ, ಗಿರಾಕಿಯ ಕೆಲಸ ಖಾಸಗಿ ಕಿಟಕಿಯಲ್ಲಿ. ದುಡ್ಡಿನ ವ್ಯವಹಾರವೇ ಹಳೆಯದರಲ್ಲಿ ಉಳಿಯಿತಲ್ಲ ಎಂದು ಯಾರೋ ಕೇಳಿದ್ದಕ್ಕೆ ಮಾವ, “ಹೊಸ ಕಂಪ್ಯೂಟರ್ ಯುಗಾದಿಗೆ ನೋಡೋಣ” ಎಂದಿದ್ದಾರೆ. ಯಾವ ಯುಗಾದಿ ಎಂದು ಹೇಳಿಲ್ಲ.

ಸೋಮವಾರ ಗುಬ್ಬಿ ಕಡೆಯ ರೈತರೊಬ್ಬರು ಬಂದರು. “ನನ್ ಪಾಸ್‌ವರ್ಡ್ ನಿಮ್ಮತ್ರಾನೇ ಐತಲ್ಲ ಸ್ವಾಮಿ, ಹಾಕಿ.”

“ಅಳಿಸಿಬಿಟ್ವಿ ಯಜಮಾನ್ರೇ, ನೀವೇ ಹೇಳ್ಬೇಕು.”

“ಅಳಿಸಿದ್ರಾ? ನಂಬಿ ಕೊಟ್ಟಿದ್ದನ್ನ ಇಟ್ಕೊಳೋಕೂ ಆಗ್ಲಿಲ್ವಾ ನಿಮ್ಗೆ?”

ಗೊಣಗುತ್ತಲೇ ಅವರು ಪಕ್ಕದ ಅಂಗಡಿಗೆ ನಡೆದರು. ಅಲ್ಲಿ ಅವರ ಪಾಸ್‌ವರ್ಡ್ ಇನ್ನೂ ಇತ್ತು.