ನೌಕರಿ ಕೊಟ್ಟ ಆಟ, ನೌಕರಿಯೊಂದಿಗೇ ಹೋಯಿತು

ಹೊಸಪೇಟೆಯಿಂದ ಬಳ್ಳಾರಿ ಕಡೆಗೆ ಹೊರಟರೆ ನಡುವೆ ತೋರಣಗಲ್ಲು. ಸಂಡೂರು ತಾಲ್ಲೂಕಿನ ಈ ಊರನ್ನು ಜನ ಗುರುತಿಸುವುದು ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯಿಂದ. ಅಲ್ಲೇ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ನೀರಜ್ ಚೋಪ್ರಾ ಅಭ್ಯಾಸ ಮಾಡಿದ ಜಾಗ ಎಂದು ಅದಕ್ಕೆ ಹೆಸರು. ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ಕ್ಲಬ್ ತನ್ನ ವಸತಿ ಅಕಾಡೆಮಿ ಮಾಡಿಕೊಂಡದ್ದೂ ಇಲ್ಲಿಯ ಕಾರ್ಖಾನೆಯ ವಿಜಯನಗರ ಟೌನ್‌ಶಿಪ್ಪಿನಲ್ಲಿ. ಕ್ಲಬ್ಬಿನ ಮಾಲೀಕರೂ ಜೆಎಸ್‌ಡಬ್ಲ್ಯುನವರೇ.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಹುಟ್ಟಿ ಬೆಳೆದ ಆಟ ಅದಿರಿನ ಸೀಮೆಗೆ ಬಂದು ಮುಟ್ಟಿದ್ದು ಹೇಗೆ? ಅದನ್ನು ತಿಳಿಯಲು ಇನ್ನೆರಡು ಕಾರ್ಖಾನೆಗಳ ತಂಡಗಳ ಏಳುಬೀಳು ನೋಡಬೇಕು. ಒಂದು ದೂರವಾಣಿ ತಯಾರಿಸುತ್ತಿದ್ದ ಐಟಿಐ, ಇನ್ನೊಂದು ವಿಮಾನ ತಯಾರಿಸುವ ಎಚ್‌ಎಎಲ್.

ಅವೆರಡಕ್ಕೂ ಮೊದಲು ಬೆಂಗಳೂರು ಮುಸ್ಲಿಮ್ಸ್ ಇತ್ತು. ಮುಂಬೈಯ ರೋವರ್ಸ್ ಕಪ್ ಆಗ ಬ್ರಿಟಿಷ್ ಸೈನ್ಯದ ತಂಡಗಳ ಸ್ವತ್ತಿನಂತಿತ್ತು. 1937ರಲ್ಲಿ ಅದನ್ನು ಗೆದ್ದ ಈ ತಂಡ 1938ರಲ್ಲೂ ಕೈಬಿಡಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಮತ್ತೊಮ್ಮೆ ಗೆದ್ದಿತು. ಆಮೇಲೆ ಆ ಎತ್ತರಕ್ಕೆ ಅದು ಏರಲಿಲ್ಲ. ಅದೇ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ವಿರುದ್ಧ 2-1ರಿಂದ ಸೋತ ಆ ಪಂದ್ಯದಲ್ಲಿ ನಮ್ಮ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ತಂಡದಲ್ಲಿದ್ದ ಇನ್ನೊಬ್ಬ ಬೆಂಗಳೂರಿಗ ಅಹ್ಮದ್ ಖಾನ್ ಮುಂದೆ ಈಸ್ಟ್ ಬೆಂಗಾಲ್ ಸೇರಿ, ಕಲ್ಕತ್ತದವರು ‘ಪಂಚ ಪಾಂಡವರು’ ಎಂದು ಕೊಂಡಾಡಿದ ಐವರಲ್ಲಿ ಒಬ್ಬರಾದರು. ಅವರ ನಂತರದ ತಲೆಮಾರಿನ ಆಟಗಾರರಾದ ಕೆಂಪಯ್ಯ, ಅರುಮೈನಾಯಗಂ ಮೋಹನ್ ಬಾಗಾನ್‌ಗೆ ಹೋದರು.

ಆ ಕಾಲದ ಮೈಸೂರು ತಂಡಕ್ಕೆ ಬಂಗಾಳವೂ ಹೆದರುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಮೈಸೂರು (ಇಂದಿನ ಕರ್ನಾಟಕ) ನಾಲ್ಕು ಸಲ ಗೆದ್ದಿತು: 1946-47, 1952-53, 1967-68, 1968-69. ನಾಲ್ಕೂ ಫೈನಲ್‌ಗಳಲ್ಲಿ ಎದುರಾಳಿ ಬಂಗಾಳವೇ.

ಇಷ್ಟು ಆಟಗಾರರನ್ನು ಸಾಕಿದ್ದು ಯಾರು? ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ನೀಲಸಂದ್ರದ ಓಣಿಗಳು ಹೆತ್ತವು. ಕಾರ್ಖಾನೆಗಳು ಅನ್ನ ಹಾಕಿದವು. ಗೌತಮಪುರದಲ್ಲಿ ಇಂದಿಗೂ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆಯೂ ನಿಂತಿದೆ. ಅಲ್ಲಿಯ ಬಡ ಮನೆಯ ಹುಡುಗನಿಗೆ ಚೆಂಡು ಚೆನ್ನಾಗಿ ಒಲಿದರೆ ಒಂದು ದಾರಿ ಖಚಿತವಾಗಿ ತೆರೆದುಕೊಳ್ಳುತ್ತಿತ್ತು: ಐಟಿಐ, ಎಚ್‌ಎಎಲ್, ಬಿಇಎಂಎಲ್, ಎಲ್‌ಆರ್‌ಡಿಇಯಂಥ ಕಡೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ. ಇಪ್ಪತ್ತರ ವಯಸ್ಸಿಗೆ ಕ್ಲರ್ಕೋ ಫಿಟ್ಟರೋ ಆಗಿ ಸೇರುವುದು, ಬೆಳಿಗ್ಗೆ ಅಭ್ಯಾಸ ಮುಗಿಸಿ ಡ್ಯೂಟಿಗೆ ಹೋಗುವುದು, ಟೂರ್ನಿ ಇದ್ದರೆ ರಜೆ. ಮೂವತ್ತು ದಾಟಿ ಕಾಲು ಸೋತ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. ನಿವೃತ್ತಿಯವರೆಗೆ ಮೇಜು, ಕುರ್ಚಿ, ಕ್ವಾರ್ಟರ್ಸ್. ಮಗ ಆಡಲು ಹೋಗುತ್ತೇನೆಂದರೆ ಅಪ್ಪ ಬೇಡ ಎನ್ನದಿರಲು ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಆದರೆ ಈ ಏರ್ಪಾಟಿನ ಬಲ ಎಲ್ಲಿತ್ತೋ ದೌರ್ಬಲ್ಯವೂ ಅಲ್ಲೇ ಇತ್ತು. ತಂಡ ಉಳಿಯಬೇಕಾದರೆ ಕಂಪನಿ ಹೊಸ ಹುಡುಗರನ್ನು ನೇಮಿಸಿಕೊಳ್ಳುತ್ತಲೇ ಇರಬೇಕು. ನೇಮಕಾತಿ ನಿಂತಿತೋ, ತಂಡಕ್ಕೆ ವಯಸ್ಸಾಗತೊಡಗುತ್ತದೆ. ನಿನ್ನೆಯ ಸ್ಟ್ರೈಕರ್ ಇನ್ನೂ ಕಂಪನಿಯ ಪಟ್ಟಿಯಲ್ಲಿದ್ದಾನೆ, ಅವನ ಜಾಗಕ್ಕೆ ಬರಬೇಕಾದ ಹುಡುಗ ಗೇಟಿನ ಹೊರಗಿದ್ದಾನೆ.

ಐಟಿಐಗೆ ಆದದ್ದು ಇದೇ. 1948ರಲ್ಲಿ ಸ್ಥಾಪನೆಯಾಗಿ ದೂರವಾಣಿ ನಗರ ಎಂಬ ಬಡಾವಣೆಗೇ ಹೆಸರು ಕೊಟ್ಟ ಕಂಪನಿ ಅದು. 1991ರ ನಂತರ ದೂರಸಂಪರ್ಕ ಕ್ಷೇತ್ರ ಖಾಸಗಿಯವರಿಗೆ ತೆರೆದುಕೊಂಡಿತು. ಫೋನು, ಎಕ್ಸ್‌ಚೇಂಜು ಮಾರಲು ಹತ್ತಾರು ಕಂಪನಿಗಳು ಬಂದವು, ಐಟಿಐ ನಷ್ಟಕ್ಕೆ ಜಾರಿ ರೋಗಗ್ರಸ್ತ ಉದ್ಯಮಗಳ ಸಾಲಿಗೆ ಸೇರಿತು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನಲ್ಲಿ ಕೆಲವು ವರ್ಷ ಆಡಿದ ತಂಡವೂ ಮೆಲ್ಲಗೆ ಮರೆಯಾಯಿತು.

ಎಚ್‌ಎಎಲ್ ಇನ್ನಷ್ಟು ಕಾಲ ಹೋರಾಡಿತು. ರಾಷ್ಟ್ರೀಯ ಲೀಗ್‌ನ ಜಾಗಕ್ಕೆ 2007ರಲ್ಲಿ ಐ-ಲೀಗ್ ಬಂತು. ಎಚ್‌ಎಎಲ್ ಎರಡನೇ ದರ್ಜೆಯಿಂದ ಮೇಲೇರಿ 2010-11ರಲ್ಲಿ ಮೊದಲ ದರ್ಜೆಯಲ್ಲಿ ಆಡಿತು. ಗೋವಾ, ಕಲ್ಕತ್ತದ ಹಣವಂತ ಕ್ಲಬ್ಬುಗಳ ನಡುವೆ ಕಂಪನಿ ನೌಕರರ ತಂಡವೊಂದು ಒಂದು ಋತು ಉಳಿದುಕೊಂಡದ್ದೇ ಸಾಹಸ. ಎರಡನೆಯ ಋತುವಿನಲ್ಲಿ, 2011-12ರಲ್ಲಿ, ಹದಿನಾಲ್ಕು ತಂಡಗಳಲ್ಲಿ ಕಟ್ಟಕಡೆಯ ಸ್ಥಾನ. ಕೆಳಗಿಳಿದ ಎಚ್‌ಎಎಲ್ ಮೊದಲ ದರ್ಜೆಗೆ ಮತ್ತೆ ಬರಲೇ ಇಲ್ಲ.

ಇಳಿದ ಮೇಲೆ ಬಾಗಿಲೂ ಮುಚ್ಚಿತು. ಏಷ್ಯನ್ ಫುಟ್‌ಬಾಲ್ ಒಕ್ಕೂಟದ (ಎಎಫ್‌ಸಿ) ಪರವಾನಗಿ ನಿಯಮದ ಪ್ರಕಾರ ಕ್ಲಬ್ ಎಂದರೆ ಸ್ವತಂತ್ರ ಕಂಪನಿಯಾಗಿರಬೇಕು, ತನ್ನದೇ ಲೆಕ್ಕಪತ್ರ, ವೃತ್ತಿಪರ ಕರಾರು, ಕಿರಿಯರ ತಂಡ ಇರಬೇಕು. ಮಾನವ ಸಂಪನ್ಮೂಲ ವಿಭಾಗದ ಕಡತದಿಂದ ನಡೆಯುವ ತಂಡಕ್ಕೆ ಇದು ಹೊಂದುವುದಿಲ್ಲ. 2013ರಲ್ಲಿ ಏರ್ ಇಂಡಿಯಾ, ಒಎನ್‌ಜಿಸಿ ತಂಡಗಳನ್ನು ಇದೇ ಕಾರಣಕ್ಕೆ ಐ-ಲೀಗ್‌ನಿಂದ ಕೈಬಿಡಲಾಯಿತು. ಅದೇ ವರ್ಷ ಹೊಸ ಕ್ಲಬ್ಬುಗಳಿಗೆ ಕರೆದ ಬಿಡ್ ಗೆದ್ದು ಜೆಎಸ್‌ಡಬ್ಲ್ಯು ಒಳಬಂತು. ಜುಲೈನಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಆಶ್ಲಿ ವೆಸ್ಟ್‌ವುಡ್ ತರಬೇತಿಯಲ್ಲಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೊಮ್ಮೆ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಿರೀಟ. ಹಳೆಯ ಕಾರ್ಖಾನೆ ತಂಡಗಳಿಗೆ ಸಿಗದೇ ಹೋದ ಒಂದು ಸಂಪತ್ತನ್ನೂ ಅದು ಗಳಿಸಿತು: ತೊಂಬತ್ತು ನಿಮಿಷವೂ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ.

ಅಭಿಮಾನಿಗಳಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಬರಿ ಎಫ್‌ಸಿಯೇ ಸಾಕ್ಷಿ. ಮ್ಯಾಂಚೆಸ್ಟರ್ ಬಳಿಯ ಗಿರಣಿ ಊರಿನ ಕ್ಲಬ್, ಹುಟ್ಟಿದ್ದು 1885ರಲ್ಲಿ. 1900 ಮತ್ತು 1903ರಲ್ಲಿ ಎಫ್‌ಎ ಕಪ್ ಗೆದ್ದಿತ್ತು. ಎರಡನೆಯದನ್ನು 6-0 ಅಂತರದಿಂದ. ಕ್ರಮೇಣ ಕೆಳ ದರ್ಜೆಗಳಿಗೆ ಇಳಿದು, ಸಾಲದಲ್ಲಿ ಮುಳುಗಿ, ಕೇವಲ ಒಂದು ಪೌಂಡಿಗೆ ಕೈ ಬದಲಾಯಿಸಿತು. 2019ರ ಬೇಸಿಗೆಯ ಹೊತ್ತಿಗೆ ಮೈದಾನದಲ್ಲಿ ಗೆದ್ದು ಮೇಲಿನ ದರ್ಜೆಗೆ ಬಡ್ತಿ ಪಡೆದಿದ್ದ ತಂಡವನ್ನು ಆಗಸ್ಟ್‌ನಲ್ಲಿ ಲೀಗ್‌ನಿಂದಲೇ ಹೊರಹಾಕಲಾಯಿತು. ಊರಿನವರು ಬಿಡಲಿಲ್ಲ. ಹಣ ಕೂಡಿಸಿ, ಒಡೆದಿದ್ದ ಗುಂಪುಗಳನ್ನು ಒಂದು ಮಾಡಿ 2023ರಲ್ಲಿ ಹಳೆಯ ಗಿಗ್ ಲೇನ್ ಮೈದಾನಕ್ಕೆ ಕ್ಲಬ್ಬನ್ನು ಮರಳಿ ತಂದರು. ಆಟ ತೀರಾ ಕೆಳ ಹಂತದಿಂದ ಶುರುವಾದರೂ ಸರಿ ಎಂದರು. ಐಟಿಐ, ಎಚ್‌ಎಎಲ್ ತಂಡಗಳಿಗೆ ಹಾಗೆ ಹೆಗಲು ಕೊಡುವ ಊರು ಇರಲಿಲ್ಲ, ಏಕೆಂದರೆ ಅವು ಊರಿನದ್ದಾಗಿರಲಿಲ್ಲ, ಕಂಪನಿಯದ್ದಾಗಿದ್ದವು.

ಒಂದೇ ಕಂಪನಿಯನ್ನು ನೆಚ್ಚಿಕೊಂಡವರ ಕಷ್ಟ ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸಪೇಟೆಯ ಐಎಸ್‌ಆರ್ ಸಕ್ಕರೆ ಕಾರ್ಖಾನೆ ನಿಂತ ಮೇಲೆ ಕಂಪ್ಲಿವರೆಗಿನ ಕಬ್ಬು ಬೆಳೆಗಾರರು ಪಟ್ಟ ಪಾಡು ಕಣ್ಣ ಮುಂದಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರಿನ ಸಂತೆ, ಹೋಟೆಲು, ಗ್ಯಾರೇಜು ಎಲ್ಲಕ್ಕೂ ಬಿಸಿ ತಟ್ಟಿತು. ಬೆಂಗಳೂರು ಎಫ್‌ಸಿಗೆ ಹಣ ಉಕ್ಕಿನ ಕಾರ್ಖಾನೆಯಿಂದ ಬರುವವರೆಗೆ ಆ ಕ್ಲಬ್ ಇರುತ್ತದೆ ಎಂಬುದನ್ನು ಇಂಥ ಊರಿನವರು ಮರೆಯಬಾರದು.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು. ಐವತ್ನಾಲ್ಕು ವರ್ಷಗಳ ಕಾಯುವಿಕೆ ಅದು. ಆಟಗಾರರ ಬರ ಈ ನಾಡಿಗೆ ಇಲ್ಲ ಎಂದು ಆ ಗೆಲುವು ತೋರಿಸಿಕೊಟ್ಟಿದೆ. ಬರ ಇರುವುದು ಅವರಿಗೆ ವರ್ಷವಿಡೀ ಆಡಲು ಸಿಗುವ ಪಂದ್ಯಗಳಿಗೆ.

ತೋರಣಗಲ್ಲಿನಲ್ಲಿ ದೇಶದ ಮೂಲೆಮೂಲೆಯ ಮಕ್ಕಳು ಬಂದು ತರಬೇತಿ ಪಡೆಯುವಾಗ ಪಕ್ಕದೂರುಗಳ ಮಕ್ಕಳು ಬೇಲಿಯಾಚೆ ನಿಂತು ನೋಡುವಂತಾಗಬಾರದು. ಹೊಸಪೇಟೆ, ಕಮಲಾಪುರ, ಹಂಪಿ, ಸಂಡೂರು, ಕಂಪ್ಲಿಯ ಹೈಸ್ಕೂಲುಗಳ ನಡುವೆ ಪ್ರತಿವರ್ಷ ಒಂದು ಫುಟ್‌ಬಾಲ್ ಲೀಗ್ ನಡೆಸುವುದು ಕಷ್ಟದ ಕೆಲಸವಲ್ಲ. ಬೇಕಾದ್ದು ನಾಲ್ಕಾರು ಮೈದಾನ, ತೀರ್ಪುಗಾರರು, ಮಕ್ಕಳನ್ನು ಕರೆದೊಯ್ಯಲು ಬಸ್ಸು. ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆಗಳ ಕ್ರೀಡಾ ಇಲಾಖೆಯವರು, ಕಂಪನಿಯವರು, ಶಾಲೆಗಳ ದೈಹಿಕ ಶಿಕ್ಷಕರು ಒಂದೆಡೆ ಕೂತು ಇದನ್ನು ಮುಂದಿನ ಶೈಕ್ಷಣಿಕ ವರ್ಷದಿಂದಲೇ ಆರಂಭಿಸಲಿ. ಪಾಲಕರೂ ಪಂದ್ಯ ನೋಡಲು ಬರಲಿ.