ಸಿಕಲ್ ಸೆಲ್: ಮಗುವಿನ ರಕ್ತದಲ್ಲೇ ಇತ್ತು ಮದ್ದಿನ ಸುಳಿವು

ಗೂಡಲೂರು: ನೀಲಗಿರಿಯ ಆದಿವಾಸಿಗಳಲ್ಲಿ ಸಿಕಲ್ ಸೆಲ್ ಲಕ್ಷಣವಿರುವುದನ್ನು ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು 1952ರಲ್ಲೇ ಪ್ರಕಟಿಸಿದ್ದರು. ಮದ್ದು ಬರಲು ಮಾತ್ರ ಬಹಳ ಕಾಲ ಹಿಡಿಯಿತು.

ಈ ಕಾಯಿಲೆಯಲ್ಲಿ ದುಂಡಗಿನ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕೈಕಾಲು, ಬೆನ್ನು, ಎದೆಯಲ್ಲಿ ತಡೆಯಲಾರದ ನೋವು. ಇದು ಮಾಟವೂ ಅಲ್ಲ, ಅಂಟುರೋಗವೂ ಅಲ್ಲ. ತಂದೆ ತಾಯಿ ಇಬ್ಬರಿಂದಲೂ ಬರುವಂಥದ್ದು.

ಆದರೆ ಹುಟ್ಟಿದ ಮೊದಲ ಕೆಲವು ತಿಂಗಳು ಮಗುವಿಗೆ ತೊಂದರೆ ಕಾಣುವುದಿಲ್ಲ. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಇನ್ನೂ ಉಳಿದಿರುವುದೇ ಕಾರಣ. ಅದನ್ನು ದೊಡ್ಡವರಲ್ಲೂ ಮತ್ತೆ ಹೆಚ್ಚಿಸಿದರೆ? ಆ ಕೆಲಸ ಮಾಡುವುದು ಹೈಡ್ರಾಕ್ಸಿಯೂರಿಯಾ. 1869ರಲ್ಲಿ ಜರ್ಮನಿಯಲ್ಲಿ ತಯಾರಾದ ರಾಸಾಯನಿಕವಿದು. ಕ್ಯಾನ್ಸರ್ ಮದ್ದಾಗಿ ಬಳಕೆಗೆ ಬಂದು, 1998ರಲ್ಲಿ ಸಿಕಲ್ ಸೆಲ್‌ಗೂ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ದಿನವೂ ನುಂಗಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಬಸುರಿಯರು ವೈದ್ಯರನ್ನು ಕೇಳದೆ ಸೇವಿಸುವಂತಿಲ್ಲ.

ಹೊಸ ಮದ್ದೆಲ್ಲ ಉಳಿಯುವುದಿಲ್ಲ. 2019ರಲ್ಲಿ ಅಮೆರಿಕ ಒಪ್ಪಿದ್ದ ವೋಕ್ಸೆಲೋಟಾರ್ ಮಾತ್ರೆಯನ್ನು ಫೈಜರ್ ಕಂಪೆನಿ 2024ರಲ್ಲಿ ಹಿಂತೆಗೆದುಕೊಂಡಿತು. 2023ರಲ್ಲಿ ಬ್ರಿಟನ್, ಅಮೆರಿಕ ಒಪ್ಪಿದ ಕ್ಯಾಸ್‌ಜೆವಿ ಚಿಕಿತ್ಸೆ ರೋಗಿಯ ಮೂಲಕಣಗಳ ವಂಶವಾಹಿಯನ್ನೇ ತಿದ್ದಿ, ಅದೇ ಎಳೆಗೂಸಿನ ಹಿಮೋಗ್ಲೋಬಿನ್ ಉಂಟಾಗುವಂತೆ ಮಾಡುತ್ತದೆ. ಅಮೆರಿಕದಲ್ಲಿ ಅದಕ್ಕೆ ನಿಗದಿಯಾದ ಬೆಲೆ 22 ಲಕ್ಷ. ರೂಪಾಯಿಯಲ್ಲ, ಡಾಲರ್! ಹಾಡಿಯ ಕೂಲಿಕಾರರಿಗೆ ಸದ್ಯ ಗತಿ ಹಳೆಯ ಕ್ಯಾಪ್ಸೂಲೇ.

ಗೂಡಲೂರಿನ ಆದಿವಾಸಿ ಆಸ್ಪತ್ರೆಯಲ್ಲಿ ಈ ಕಾಯಿಲೆಗೆ ಚಿಕಿತ್ಸೆಯಿದೆ. 2023ರ ಜುಲೈ 1ರಂದು ಆರಂಭವಾದ ಕೇಂದ್ರ ಸರ್ಕಾರದ ಯೋಜನೆಯಡಿ 40 ವರ್ಷದವರೆಗಿನವರ ತಪಾಸಣೆ ನಡೆಯುತ್ತಿದೆ. ಗಂಡು ಹೆಣ್ಣು ಇಬ್ಬರಲ್ಲೂ ರೋಗದ ಅಂಶವಿದ್ದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮದುವೆಗೆ ಮುಂಚೆಯೇ ರಕ್ತಪರೀಕ್ಷೆ ಮಾಡಿಸಿಕೊಳ್ಳಲು ವೈದ್ಯರು ಹೇಳುವುದು ಇದಕ್ಕೇ.